ಕಂಪ್ಯೂಟರ್ ಸರದಾರನ ಕೋಟೆ ಮುರಿಯುವುದು ಹೇಗೆ?

ಜೂನ್, ಜುಲೈ ತಿಂಗಳಲ್ಲಿ ಜಿಲ್ಲಾಡಳಿತ ಮಳೆ ರಜೆ ಘೋಷಿಸಿತೆಂದರೆ ಬೈಂದೂರು, ಶಿರೂರು, ಉಪ್ಪುಂದ ಕಡೆಯ ಮಕ್ಕಳು ಇಡೀ ದಿನ ಮನೆಯೊಳಗೇ ಕಳೆಯಬೇಕು. ಹೊರಗೆ ಗದ್ದೆ ತುಂಬಿರುತ್ತದೆ, ಕಡಲಿನ ಹತ್ತಿರ ಸುಳಿಯುವ ಹಾಗಿಲ್ಲ. ಮೊಬೈಲ್‌ನಲ್ಲಿ ಬೆರಳಾಡಿಸಿ ಹೊತ್ತು ಕಳೆಯುವುದಕ್ಕಿಂತ ತಲೆಗೆ ಕೆಲಸ ಕೊಡುವ ಒಂದು ಆಟ ಇಂಥ ದಿನಗಳಿಗೆ ಚೆನ್ನಾಗಿ ಒಪ್ಪುತ್ತದೆ. ಅದು ‘ಸ್ಟ್ರಾಂಗ್‌ಹೋಲ್ಡ್ ಕ್ರುಸೇಡರ್’. ಫೈರ್‌ಫ್ಲೈ ಸ್ಟುಡಿಯೋಸ್ 2002ರಲ್ಲಿ ಹೊರತಂದ ಈ ಆಟ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಸಲೀಸಾಗಿ ಓಡುತ್ತದೆ. ಎಚ್‌ಡಿ ಆವೃತ್ತಿ ಇದೆ, 2025ರಲ್ಲಿ ‘ಡೆಫಿನಿಟಿವ್ ಎಡಿಷನ್’ ಕೂಡ ಬಂದಿದೆ. ಇಲ್ಲಿ ಕೊಟ್ಟಿರುವ ಲೆಕ್ಕಗಳೆಲ್ಲ ಹಳೆಯ ಆಟದವು.

ಆಟದ ಕಥೆ ಸರಳ. ಮಧ್ಯಯುಗದ ಮರುಭೂಮಿಯಲ್ಲಿ ನಿಮಗೊಂದು ಕೋಟೆ, ಎದುರಿಗೆ ಕಂಪ್ಯೂಟರ್ ಆಡಿಸುವ ಸರದಾರನಿಗೊಂದು ಕೋಟೆ. ಅವನ ದೊರೆ ಸತ್ತರೆ ನೀವು ಗೆದ್ದಿರಿ, ನಿಮ್ಮ ದೊರೆ ಸತ್ತರೆ ಸೋತಿರಿ. ಮೂಲ ಆಟದಲ್ಲಿ 50 ಕದನಗಳ ಸರಣಿಯೊಂದಿದೆ. ಮೊದಮೊದಲ ಕೆಲವನ್ನು ಎಲ್ಲರೂ ಗೆಲ್ಲುತ್ತಾರೆ. ಆಮೇಲೆ ಸಿಕ್ಕಿಹಾಕಿಕೊಳ್ಳುತ್ತಾರೆ. “ಚಿಕ್ಕಪ್ಪಯ್ಯ, ಎಷ್ಟ್ ಗ್ವಾಡಿ ಕಟ್ರೂ ಒಳ್ಗ್ ಬತ್ರ್, ಎಂತ ಮಾಡುದ್?” ಎಂದು ನಮ್ಮ ಮನೆಯ ಹುಡುಗ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಗೋಡೆ ಎಷ್ಟು ದಪ್ಪ ಅನ್ನುವುದರಿಂದ ಈ ಆಟ ತೀರ್ಮಾನವಾಗುವುದಿಲ್ಲ. ಯಾರ ಕಣಜ ಮೊದಲು ಬರಿದಾಗುತ್ತದೆ, ಯಾರು ಯಾವ ಗಳಿಗೆಯಲ್ಲಿ ಹೊರಗೆ ಬೀಳುತ್ತಾರೆ ಅನ್ನುವುದರಿಂದ ಆಗುತ್ತದೆ. ಈ ಎರಡನ್ನೂ ಹಿಡಿದರೆ ಯಾವ ಸರದಾರನನ್ನಾದರೂ ಮಣಿಸಬಹುದು.

ಎದುರಾಳಿಯನ್ನು ಮೊದಲು ಓದಿ

ಕಂಪ್ಯೂಟರ್‌ಗೆ ದಣಿವಿಲ್ಲ. ಒಂದೇ ಗಳಿಗೆಯಲ್ಲಿ ಹತ್ತು ಕಡೆ ಕೆಲಸ ಮಾಡಿಸುತ್ತದೆ. ಕೈಯ ಚುರುಕಿನಲ್ಲಿ ಅದನ್ನು ಹಿಂದಿಕ್ಕುವುದು ಕಷ್ಟ. ಆದರೆ ಈ ಆಟದ ಕಂಪ್ಯೂಟರ್ ಕಲಿಯುವುದಿಲ್ಲ. ನಿನ್ನೆ ಯಾವ ತಂತ್ರದಿಂದ ಸೋತಿತೋ ಅದೇ ತಂತ್ರಕ್ಕೆ ಇಂದೂ ಸೋಲುತ್ತದೆ. ಪ್ರತಿ ಸರದಾರನಿಗೂ ಮೊದಲೇ ಬರೆದಿಟ್ಟ ಎಂಟು ಕೋಟೆ ನಕ್ಷೆಗಳಿವೆ, ಅವುಗಳಲ್ಲಿ ಒಂದನ್ನು ಆರಿಸಿ ಕಲ್ಲು ಕಲ್ಲಾಗಿ ಕಟ್ಟುತ್ತಾ ಹೋಗುತ್ತಾನೆ. ನೀವು ಕೆಡವಿದ್ದನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟುತ್ತಾನೆ. ಹಾಗಾಗಿ ಒಂದೆರಡು ಸಲ ಸೋಲುವುದಕ್ಕೆಂದೇ ಆಡಿ, ಬರೀ ಗಮನಿಸಿ. ಅವನ ಹೊಲ ಎಲ್ಲಿದೆ, ಕಲ್ಲುಕೋರೆ ಎಲ್ಲಿದೆ, ದಂಡು ಯಾವ ಮೂಲೆಯಲ್ಲಿ ಜಮಾಯಿಸುತ್ತದೆ, ದಾಳಿ ಯಾವ ದಿಕ್ಕಿನಿಂದ ಬರುತ್ತದೆ ಅನ್ನುವುದನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಮೂಲ ಆಟದಲ್ಲಿ ಎಂಟು ಸರದಾರರು. ನಾಲ್ವರಿಗೆ ಪ್ರಾಣಿಗಳ ಹೆಸರು: ಇಲಿ, ಹಾವು, ಹಂದಿ, ತೋಳ. ಉಳಿದ ನಾಲ್ವರು ಸಲಾದೀನ್, ಖಲೀಫ, ಸುಲ್ತಾನ ಮತ್ತು ರಿಚರ್ಡ್. ಇಲಿ ಎಲ್ಲರಿಗಿಂತ ದುರ್ಬಲ, ಅಗ್ಗದ ಈಟಿಗಾರರನ್ನು ಸಣ್ಣ ಸಣ್ಣ ಗುಂಪಾಗಿ ಬೇಗ ಬೇಗ ಕಳಿಸುತ್ತಾನೆ. ಹಂದಿಯ ಬಲ ಗದೆ ಹಿಡಿದ ಆಳುಗಳು ಮತ್ತು ಅಡ್ಡಬಿಲ್ಲಿನವರು. ಖಲೀಫನಿಗೆ ಬೆಂಕಿಯ ಮೇಲೆ ಪ್ರೀತಿ. ತೋಳ ಕಟ್ಟುವ ಕೋಟೆ ಬಲು ಗಟ್ಟಿ. ಹೊಸಬರು ಇಲಿಯಿಂದ ಶುರು ಮಾಡಿ, ಸುಲ್ತಾನ ಮತ್ತು ಹಾವನ್ನು ಮುಗಿಸಿ, ಆಮೇಲೆ ಹಂದಿಗೆ ಹೋಗುವುದು ಒಳ್ಳೆಯ ಕ್ರಮ. ತೋಳನನ್ನು ಕೊನೆಗೆ ಇಟ್ಟುಕೊಳ್ಳಿ.

ಮೊದಲ ಹತ್ತು ನಿಮಿಷ

ಆಟದ ಶುರುವಿನ ಹತ್ತು ನಿಮಿಷ ನಮ್ಮ ನಟ್ಟಿಯ ದಿನಗಳಿದ್ದ ಹಾಗೆ. ಆಗ ತಡ ಮಾಡಿದರೆ ಆಮೇಲೆ ಎಷ್ಟು ದುಡಿದರೂ ಫಸಲು ಕೈಗೆ ಬರುವುದಿಲ್ಲ. ಹೆಚ್ಚಿನ ಹುಡುಗರು ಇಲ್ಲೇ ಎಡವುತ್ತಾರೆ. ಆಟ ತೆರೆದ ಕೂಡಲೇ ಗೋಡೆ ಕಟ್ಟಲು ಹೊರಟು, ಇದ್ದ ಕಲ್ಲನ್ನೆಲ್ಲ ಮುಗಿಸಿ ಕೂರುತ್ತಾರೆ.

ಮೊದಲು ಕಣಜ ಇಡಿ. ಆಮೇಲೆ ಮರ ಕಡಿಯುವವರ ಗುಡಿಸಲು ಮೂರು, ನಾಲ್ಕು, ಮರಗಳಿಗೆ ತಾಗಿದ ಹಾಗೆ. ಈ ಆಟದಲ್ಲಿ ಹೆಚ್ಚಿನ ಕೆಲಸಗಾರರು ಸರಕನ್ನು ಹೊತ್ತುಕೊಂಡು ದಾಸ್ತಾನು ಅಂಗಳಕ್ಕೆ ನಡೆದೇ ಬರಬೇಕು, ಹಾಗಾಗಿ ದೂರ ಹೆಚ್ಚಾದಷ್ಟೂ ಉತ್ಪನ್ನ ಕಡಿಮೆ. ಹೊಸ ದಾಸ್ತಾನು ಅಂಗಳವನ್ನು ಹಳೆಯದಕ್ಕೆ ಅಂಟಿಸಿಯೇ ಕಟ್ಟಬೇಕೆಂಬ ನಿಯಮವಿದೆ. ಅದನ್ನು ಬೇಕಾದ ದಿಕ್ಕಿಗೆ, ಅಂದರೆ ಕಲ್ಲುಕೋರೆಯ ಕಡೆಗೆ, ಒಂದೊಂದಾಗಿ ಚಾಚುತ್ತಾ ಹೋಗಿ. ಕಲ್ಲುಕೋರೆ ಕಟ್ಟಿ ಎತ್ತಿನ ಗೂಟ ಇಡಲು ಮರೆತರೆ ಕಲ್ಲು ಕೋರೆಯಲ್ಲೇ ರಾಶಿ ಬೀಳುತ್ತದೆ, ನಿಮ್ಮ ಲೆಕ್ಕಕ್ಕೆ ಒಂದು ಕಲ್ಲೂ ಬರುವುದಿಲ್ಲ. ಒಂದು ಕೋರೆಗೆ ಎರಡು, ಮೂರು ಎತ್ತಿನ ಗೂಟ ಬೇಕೇ ಬೇಕು.

ನಮ್ಮ ಕಡೆ ಬೀಜ ಬಿದ್ದಲ್ಲೆಲ್ಲ ಹಸಿರು. ಆಟದಲ್ಲಿ ಹಾಗಿಲ್ಲ. ಓಯಸಿಸ್‌ನ ಹಸಿರು ಪಟ್ಟಿಯ ಮೇಲೆ ಮಾತ್ರ ಬೆಳೆ. ಆ ಪಟ್ಟಿ ಚಿಕ್ಕದು, ಒಂದು ಅಂಗುಲವನ್ನೂ ಗುಡಿಸಲು ಕಟ್ಟಿ ಹಾಳು ಮಾಡಬಾರದು. ಶುರುವಿನಲ್ಲಿ ಸೇಬಿನ ತೋಟ ಹಾಕಿ. ಬೀಸುವ, ಸುಡುವ ತಾಪತ್ರಯವಿಲ್ಲದೆ ಹಣ್ಣು ನೇರವಾಗಿ ಕಣಜಕ್ಕೆ ಬರುತ್ತದೆ. ಜನ ಹೆಚ್ಚಿದ ಮೇಲೆ ಗೋಧಿ ಹೊಲ, ಒಂದು ಗಿರಣಿ, ಅದರ ಸುತ್ತ ನಾಲ್ಕಾರು ಬೇಕರಿ. ಒಂದೇ ಗಿರಣಿ ಹಲವು ಬೇಕರಿಗಳಿಗೆ ಸಾಕಾಗುತ್ತದೆ. ದೊಡ್ಡ ಊರಿನ ಹೊಟ್ಟೆ ತುಂಬಿಸುವ ತಾಕತ್ತು ರೊಟ್ಟಿಗೆ ಮಾತ್ರ ಇದೆ.

ಒಂದು ಗುಡಿಸಲಿನಲ್ಲಿ ಎಂಟು ಮಂದಿ ಇರುತ್ತಾರೆ. ಕೆಲಸಕ್ಕೆ ಜನ ಸಾಲದೆಂದು ಕಂಡರೆ ಮೊದಲು ಗುಡಿಸಲು ಹೆಚ್ಚಿಸಿ. ಪರದೆಯ ಕೆಳಗಡೆ ಜನಪ್ರಿಯತೆಯ ಅಂಕಿ ಕಾಣುತ್ತದೆ. ಅದು 50ಕ್ಕಿಂತ ಕೆಳಗಿಳಿದರೆ ಜನ ಊರು ಬಿಟ್ಟು ಹೊರಡುತ್ತಾರೆ, ಹೊಲ ಬಿಕೋ ಎನ್ನುತ್ತದೆ, ಸೈನ್ಯಕ್ಕೆ ಸೇರುವವರೂ ಇರುವುದಿಲ್ಲ. ದೊಡ್ಡ ಕೋಟೆ ಕಟ್ಟಿಯೂ ಸೋತವರ ಆಟ ನೋಡಿದರೆ ಹೆಚ್ಚಾಗಿ ಕಾರಣ ಈ ಅಂಕಿಯೇ. ಎಲ್ಲಕ್ಕಿಂತ ಮೊದಲು ಕಣ್ಣು ಅಲ್ಲಿರಲಿ.

ಬೊಕ್ಕಸ ತುಂಬಿಸುವ ದಾರಿ

ತೆರಿಗೆ ಏರಿಸಿದರೆ ಜನಪ್ರಿಯತೆ ಇಳಿಯುತ್ತದೆ. ಇಳಿದದ್ದನ್ನು ಬೇರೆ ಕಡೆಯಿಂದ ತುಂಬಬೇಕು. ಊಟದ ಪಡಿ ಹೆಚ್ಚಿಸಿದರೆ ನಾಲ್ಕು ಅಂಕ, ದುಪ್ಪಟ್ಟು ಮಾಡಿದರೆ ಎಂಟು ಅಂಕ ಮೇಲಕ್ಕೆ. ಅರ್ಧ ಪಡಿ ಕೊಟ್ಟರೆ ನಾಲ್ಕು ಕೆಳಕ್ಕೆ, ಏನೂ ಕೊಡದಿದ್ದರೆ ಎಂಟು ಕೆಳಕ್ಕೆ. ಸೇಬು, ರೊಟ್ಟಿ, ಗಿಣ್ಣು, ಮಾಂಸ ಹೀಗೆ ಬಗೆ ಹೆಚ್ಚಾದಷ್ಟೂ ಜನ ಖುಷಿ. ಹೆಂಡದ ಅಂಗಡಿ, ಪ್ರಾರ್ಥನಾ ಮಂದಿರ ಇವೂ ಅಂಕ ತರುತ್ತವೆ. ಹೊಟ್ಟೆ ತುಂಬಿದ ಊರಿನಿಂದ ಭಾರೀ ತೆರಿಗೆ ಎತ್ತಬಹುದು ಅನ್ನುವುದೇ ಈ ಆಟದ ಅರ್ಥಶಾಸ್ತ್ರ.

ಇನ್ನೊಂದು ವ್ಯವಸ್ಥೆ ಬಹಳ ಮಂದಿಗೆ ಗೊತ್ತಿಲ್ಲ. ಉದ್ಯಾನ, ಆಟದ ಕಂಬದಂಥ ಚೆಂದದ ವಸ್ತುಗಳನ್ನು ಇಟ್ಟರೆ ಜನ ಖುಷಿಯಾಗುತ್ತಾರೆ, ಸೈನಿಕರು ಹುರುಪಿನಿಂದ ಹೋರಾಡುತ್ತಾರೆ, ಆದರೆ ಕೆಲಸ ನಿಧಾನವಾಗುತ್ತದೆ. ಗಲ್ಲುಗಂಬದಂಥವನ್ನು ಇಟ್ಟರೆ ಕೆಲಸ ಚುರುಕು, ಸೈನಿಕರ ಕೈ ಸೋಲುತ್ತದೆ, ಜನಪ್ರಿಯತೆ ಕುಸಿಯುತ್ತದೆ. ಸಣ್ಣ ಸೈನ್ಯವಿದ್ದೂ ಗೆಲ್ಲಬೇಕೆಂದರೆ ಉದ್ಯಾನದ ದಾರಿಯೇ ಮೇಲು.

ಮಾರುಕಟ್ಟೆಯನ್ನು ಬೇಗ ಕಟ್ಟಿ. ಕಬ್ಬಿಣ, ಕಲ್ಲು ಮಾರಿ ಮರ, ಊಟ ಕೊಳ್ಳಬಹುದು. ಬಿಲ್ಲು ಮಾಡುವವನ ಕೊಟ್ಟಿಗೆ ಕಟ್ಟಿ, ಮರದಿಂದ ಅಡ್ಡಬಿಲ್ಲು ಮಾಡಿಸಿ ಮಾರಿದರೆ ಬರಿಯ ಮರ ಮಾರುವುದಕ್ಕಿಂತ ಎಷ್ಟೋ ಹೆಚ್ಚು ದುಡ್ಡು. ಬಸ್ರೂರು, ಬಾರ್ಕೂರಿನ ಬಂದರುಗಳು ಕೆಳದಿ ಅರಸರಿಗೂ ಅವರಿಗಿಂತ ಹಿಂದಿನವರಿಗೂ ಯಾಕಷ್ಟು ಬೇಕಾಗಿದ್ದವು ಅನ್ನುವುದು ಇಲ್ಲಿ ಮಕ್ಕಳಿಗೆ ತಾನಾಗಿ ಅರ್ಥವಾಗುತ್ತದೆ. ಅಕ್ಕಿ, ಮೆಣಸು ಹಡಗು ಹತ್ತಿದರೆ ಮಾತ್ರ ಘಟ್ಟದ ಮೇಲಿನ ಕೋಟೆಗೆ ಸಂಬಳ.

ಗೋಡೆ ಚಿಕ್ಕದಿರಲಿ, ಸುತ್ತು ಹೆಚ್ಚಿರಲಿ

ಇಡೀ ಊರನ್ನು ಬಳಸಿ ಗೋಡೆ ಕಟ್ಟಬೇಡಿ. ಉದ್ದ ಹೆಚ್ಚಾದರೆ ಕಾವಲು ತೆಳ್ಳಗಾಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಒಮ್ಮೆ ಹೋಗಿ ಬನ್ನಿ. ಗುಡ್ಡದ ಮೇಲೆ ಒಂದರ ಒಳಗೊಂದರಂತೆ ಮೂರು ಸುತ್ತಿನ ಕೋಟೆ, ಒಳಗೇ ನೀರಿನ ಕೊಳಗಳು. ಮೊದಲ ಬಾಗಿಲು ಬಿದ್ದರೂ ಶತ್ರು ಇನ್ನೂ ಹೊರಗೇ ಇರುತ್ತಾನೆ. ಆಟದಲ್ಲೂ ದೊರೆಯ ಮಾಳಿಗೆ, ಕಣಜ, ಶಸ್ತ್ರಾಗಾರ ಇಷ್ಟನ್ನು ಒಳಸುತ್ತಿನಲ್ಲಿ ಇಡಿ. ಹೊಲ, ಮರ ಕಡಿಯುವವರು ಹೊರಗಿರಲಿ, ಅವರ ಹತ್ತಿರ ಒಂದು ಬುರುಜು ಮತ್ತು ನಾಲ್ಕಾರು ಬಿಲ್ಲುಗಾರರು ಸಾಕು.

ಬಿಲ್ಲುಗಾರರು ಎತ್ತರದಲ್ಲಿದ್ದರೆ ಬಾಣ ದೂರ ಹೋಗುತ್ತದೆ. ಬುರುಜು ಕಟ್ಟಲು ದಿಬ್ಬ ಹುಡುಕಿ. ಚೌಕ ಬುರುಜು ಮತ್ತು ದುಂಡು ಬುರುಜುಗಳ ಮೇಲೆ ಮಾತ್ರ ದೊಡ್ಡ ಬಾಣದ ಯಂತ್ರ, ಕಲ್ಲೆಸೆಯುವ ಯಂತ್ರಗಳನ್ನು ಕೂರಿಸಬಹುದು, ಇದನ್ನು ತಿಳಿಯದೆ ಸಣ್ಣ ಬುರುಜಿಗೆ ಕಲ್ಲು ಸುರಿಯಬೇಡಿ. ಹೆಬ್ಬಾಗಿಲ ಮುಂದೆ ಡಾಂಬರಿನ ಕಾಲುವೆ ತೋಡಿ, ಗೋಡೆಯ ಮೇಲೆ ಬಿಲ್ಲುಗಾರರ ಪಕ್ಕ ಅಗ್ಗಿಷ್ಟಿಕೆ ಇಡಿ. ಶತ್ರು ಕಾಲುವೆ ದಾಟುವಾಗ ಬೆಂಕಿಯ ಬಾಣ ಬಿಟ್ಟರೆ ಇಡೀ ಸಾಲು ಉರಿದುಹೋಗುತ್ತದೆ. ಅಡ್ಡಬಿಲ್ಲಿನವರಿಂದ ಈ ಕೆಲಸ ಆಗುವುದಿಲ್ಲ, ಬಿಲ್ಲುಗಾರರೇ ಬೇಕು.

ಬೆಂಕಿಯ ಮಾತು ಬಂದಾಗ ಇನ್ನೊಂದು ಎಚ್ಚರಿಕೆ. ಮರುಭೂಮಿಯ ಊರಿನಲ್ಲಿ ಒಂದು ಗುಡಿಸಲಿಗೆ ತಗುಲಿದ ಬೆಂಕಿ ಸಾಲಾಗಿ ಹಬ್ಬುತ್ತದೆ. ಗುಡಿಸಲುಗಳ ನಡುವೆ ಜಾಗ ಬಿಡಿ, ಊರಿನ ನಾಲ್ಕು ಕಡೆ ಬಾವಿ ತೋಡಿಸಿ. ಖಲೀಫನ ಎದುರು ಆಡುವಾಗ ಬಾವಿ ಇಲ್ಲದ ಊರು ಒಂದು ದಾಳಿಗೂ ಉಳಿಯುವುದಿಲ್ಲ.

ದಾಳಿ ಮುರಿದ ಗಳಿಗೆಯೇ ಹೊರಡುವ ಗಳಿಗೆ

ಇಡೀ ಲೇಖನದಲ್ಲಿ ಒಂದೇ ಒಂದು ಭಾಗವನ್ನು ನೆನಪಿಟ್ಟುಕೊಳ್ಳುವುದಿದ್ದರೆ ಇದನ್ನೇ ಇಟ್ಟುಕೊಳ್ಳಿ. ಕಂಪ್ಯೂಟರ್ ತನ್ನ ದಂಡನ್ನು ಒಂದು ಜಾಗದಲ್ಲಿ ಕೂಡಿಹಾಕುತ್ತದೆ, ಲೆಕ್ಕ ತುಂಬಿದ ಕೂಡಲೇ ಕಳಿಸುತ್ತದೆ, ಆಮೇಲೆ ಮತ್ತೆ ಕೂಡಿಹಾಕಲು ತೊಡಗುತ್ತದೆ. ಪ್ರತಿ ಸಲವೂ ದಂಡು ಹಿಂದಿನದಕ್ಕಿಂತ ದೊಡ್ಡದು. ಬರೀ ತಡೆಯುತ್ತಾ ಕೂತವರು ಎಂದಾದರೊಂದು ದಿನ ಸೋಲಲೇಬೇಕು. ಆದರೆ ಒಂದು ದಾಳಿ ಮುರಿದುಬಿದ್ದಾಗ ಅವನ ಕೋಟೆಯಲ್ಲಿ ಕಾವಲಿನವರನ್ನು ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ.

ಹಂದಿಯ ದಾಳಿಯನ್ನೇ ತೆಗೆದುಕೊಳ್ಳಿ. ಗದೆಯವರು ಓಡೋಡಿ ಬರುತ್ತಾರೆ, ಹಿಂದೆ ಅಡ್ಡಬಿಲ್ಲಿನವರು ನಿಧಾನವಾಗಿ. ಈ ಎರಡು ಗುಂಪುಗಳ ನಡುವೆ ಅಂತರ ಬೀಳುತ್ತದೆ. ಗದೆಯವರು ಡಾಂಬರು ಕಾಲುವೆಗೆ ಇಳಿದಾಗ ಬೆಂಕಿ ಹಚ್ಚಿ. ಆ ಹೊಗೆಯೊಳಗಿಂದ ಹೊರಬಂದ ನಾಲ್ಕಾರು ಮಂದಿಯನ್ನು ಬುರುಜಿನ ಬಿಲ್ಲುಗಾರರು ನೋಡಿಕೊಳ್ಳುತ್ತಾರೆ. ಅಡ್ಡಬಿಲ್ಲಿನವರು ಹತ್ತಿರ ಬರುವ ಮುಂಚೆ, ಪಕ್ಕದ ಸಣ್ಣ ಬಾಗಿಲಿನಿಂದ ಕುದುರೆ ಬಿಲ್ಲುಗಾರರನ್ನು ಹೊರಬಿಟ್ಟು ಅವರ ಬದಿಗೆ ಸುತ್ತು ಹಾಕಿಸಿ. ಓಡುತ್ತಲೇ ಬಾಣ ಬಿಡಬಲ್ಲವರು ಇವರೇ. ದಾಳಿ ಮುಗಿಯಿತೆಂದು ಕೈ ಕಟ್ಟಿ ಕೂರಬೇಡಿ, ಅದೇ ಕುದುರೆಗಳನ್ನು ನೇರವಾಗಿ ಅವನ ಹೊಲಕ್ಕೆ, ಕಲ್ಲುಕೋರೆಗೆ ಅಟ್ಟಿ. ಹೊಲಗಳು ಓಯಸಿಸ್ ಹಿಡಿದುಕೊಂಡೇ ಇರಬೇಕಾದ್ದರಿಂದ ಹೆಚ್ಚಾಗಿ ಗೋಡೆಯ ಹೊರಗಿರುತ್ತವೆ. ಜೊತೆಗೆ ಹತ್ತು ಗುಲಾಮ ಆಳುಗಳನ್ನು ಕಳಿಸಿ. ಒಬ್ಬನಿಗೆ ಐದೇ ಚಿನ್ನ, ಕಟ್ಟಡಗಳಿಗೆ ಬೆಂಕಿ ಇಡುವುದು ಇವರಿಗೆ ಬರುತ್ತದೆ. ಕಂಪ್ಯೂಟರ್ ಸುಟ್ಟ ಹೊಲವನ್ನು ಮತ್ತೆ ಕಟ್ಟಲು ಹೊರಡುತ್ತದೆ, ಅದಕ್ಕೆ ಮರ ಬೇಕು, ದುಡ್ಡು ಬೇಕು. ಆ ದುಡ್ಡು ಸೈನ್ಯಕ್ಕೆ ಹೋಗುವುದು ತಪ್ಪುತ್ತದೆ. ಮುಂದಿನ ದಾಳಿ ತಡವಾಗುತ್ತದೆ. ಎರಡು, ಮೂರು ಸಲ ಹೀಗೆ ಮಾಡಿದರೆ ಅವನ ಬೊಕ್ಕಸ ಸೊರಗುವುದು ಕಣ್ಣಿಗೇ ಕಾಣುತ್ತದೆ.

ಬಾಡಿಗೆ ಸೈನಿಕರ ಬೆಲೆ ನೆನಪಿಟ್ಟುಕೊಂಡರೆ ಲೆಕ್ಕ ಸುಲಭ. ಕವಣೆಗಾರನಿಗೆ 12 ಚಿನ್ನ, ಗುಪ್ತ ಹಂತಕನಿಗೆ 60, ಅರಬ್ ಬಿಲ್ಲುಗಾರನಿಗೆ 75, ಕುದುರೆ ಬಿಲ್ಲುಗಾರನಿಗೂ ಅರಬ್ ಕತ್ತಿವರಸೆಯವನಿಗೂ 80, ಬೆಂಕಿ ಎಸೆಯುವವನಿಗೆ 100. ಇವರಿಗೆ ಆಯುಧ ಮಾಡಿಸುವ ಗೋಜಿಲ್ಲ, ದುಡ್ಡು ಕೊಟ್ಟರೆ ಆಯಿತು. ಯುರೋಪಿನ ಸೈನಿಕರು ಚಿನ್ನದ ಲೆಕ್ಕದಲ್ಲಿ ಅಗ್ಗ, ಆದರೆ ಪ್ರತಿಯೊಬ್ಬನಿಗೂ ಆಯುಧ, ಕೆಲವರಿಗೆ ಕವಚವೂ ಶಸ್ತ್ರಾಗಾರದಲ್ಲಿ ಇರಬೇಕು. ಅವಸರದಲ್ಲಿ ಬಾಡಿಗೆಯವರು, ನಿಧಾನದ ಮುತ್ತಿಗೆಗೆ ಯುರೋಪಿನವರು.

ಕೋಟೆ ಒಡೆಯುವ ಮೂರು ದಾರಿ

ಮೊದಲನೆಯದು ಎದುರಿನಿಂದ. 30 ಚಿನ್ನಕ್ಕೊಬ್ಬರಂತೆ ಎಂಜಿನಿಯರ್‌ಗಳನ್ನು ಕೊಂಡು, ಮುತ್ತಿಗೆಯ ಡೇರೆ ಹಾಕಿಸಿ, ಯಂತ್ರ ಕಟ್ಟಿಸುವುದು. ಕಲ್ಲೆಸೆಯುವ ಸಣ್ಣ ಯಂತ್ರವನ್ನು ಎಳೆದುಕೊಂಡು ಹೋಗಬಹುದು. ದೊಡ್ಡ ಟ್ರೆಬುಶೆ ದೂರ ಎಸೆಯುತ್ತದೆ, ಆದರೆ ಕಟ್ಟಿದ ಜಾಗದಿಂದ ಕದಲುವುದಿಲ್ಲ. ಅದನ್ನು ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದನ್ನು ಮೊದಲೇ ಯೋಚಿಸಿ. ಎರಡಕ್ಕೂ ಎಸೆದಷ್ಟೂ ಕಲ್ಲು ಬೇಕು, ದಾಸ್ತಾನು ನೋಡಿಕೊಂಡೇ ಹೊರಡಿ. ಮುಂದೆ ಚಕ್ರದ ಗುರಾಣಿಗಳನ್ನು ನಡೆಸಿ, ಅವುಗಳ ಮರೆಯಲ್ಲಿ ಬಿಲ್ಲುಗಾರರನ್ನು ಸಾಗಿಸಿ. ಮೊದಲ ಕಲ್ಲುಗಳು ಬೀಳಬೇಕಾದ್ದು ಗೋಡೆಗಲ್ಲ, ಬುರುಜುಗಳಿಗೆ. ಬುರುಜು ಉರುಳಿದರೆ ಮೇಲಿದ್ದ ಬಿಲ್ಲುಗಾರರೂ ಉರುಳುತ್ತಾರೆ.

ಎರಡನೆಯದು ಕಾವಲಿಲ್ಲದ ಕಡೆಯಿಂದ. 1665ರ ಫೆಬ್ರವರಿಯಲ್ಲಿ ಶಿವಾಜಿಯ ಹಡಗುಗಳು ಬಸ್ರೂರಿಗೆ ಬಂದದ್ದು ಕಡಲ ದಾರಿಯಲ್ಲಿ. ಆ ಸಿರಿವಂತ ಬಂದರು ಆ ದಿಕ್ಕಿನಿಂದ ಅಂಥ ದಾಳಿಯನ್ನು ಎಣಿಸಿರಲಿಲ್ಲ, ಲೂಟಿಯಾಯಿತು. ಆಟದ ಸರದಾರನೂ ನಕ್ಷೆಯಂತೆ ಕಟ್ಟುವವನಾದ್ದರಿಂದ ನೀವು ಯಾವ ಕಡೆಯಿಂದ ಬರುತ್ತೀರೆಂದು ನೋಡಿ ಗೋಡೆ ಬದಲಿಸುವುದಿಲ್ಲ. ಕೋಟೆಯ ಸುತ್ತ ಒಂದು ಕುದುರೆಯನ್ನು ಓಡಿಸಿ, ಬುರುಜು ತೆಳ್ಳಗಿರುವ ಬದಿಯನ್ನು ಗುರುತು ಮಾಡಿ. ಎದುರಿನಲ್ಲಿ ಸಣ್ಣ ಗುಂಪೊಂದನ್ನು ಕಾಣುವಂತೆ ನಿಲ್ಲಿಸಿ, ನಿಜವಾದ ಬಲವನ್ನು ಆ ಬದಿಗೆ ಕಳಿಸಿ.

ಮೂರನೆಯದು ಗುಟ್ಟಿನ ದಾರಿ, ನನಗೆ ಹೆಚ್ಚು ಇಷ್ಟವಾದದ್ದು ಇದೇ. ಬೈಂದೂರಿನಿಂದ ಕೊಲ್ಲೂರು ದಾಟಿ ಘಟ್ಟ ಹತ್ತಿದರೆ ಸಿಗುವ ನಗರ ಆಗಿನ ಬಿದನೂರು, ಕೆಳದಿ ಅರಸರ ರಾಜಧಾನಿ. ಸುತ್ತಲಿನ ಗುಡ್ಡ, ದಟ್ಟ ಕಾಡುಗಳೇ ಅದರ ಹೊರಗೋಡೆ. ರಾಣಿ ವೀರಮ್ಮಾಜಿಯ ಕಾಲದಲ್ಲಿ, 1763ರಲ್ಲಿ, ಹೈದರಾಲಿ ಅದನ್ನು ಹಿಡಿದದ್ದು ಹಿಂದಿನ ಮಂತ್ರಿಯೊಬ್ಬ ತೋರಿಸಿಕೊಟ್ಟ ಒಳದಾರಿಯಿಂದ. ಒಂದು ಭಾಗ ಎದುರಿನ ತಡೆಗಳ ಬಳಿ ಸದ್ದು ಮಾಡುತ್ತಿರುವಾಗ ಇನ್ನೊಂದು ಭಾಗ ಕಾಡಿನೊಳಗಿಂದ ಊರಿಗೇ ಬಂದಿಳಿಯಿತು. ಆಟದಲ್ಲಿ ಈ ಕೆಲಸಕ್ಕೆ ಗುಪ್ತ ಹಂತಕರಿದ್ದಾರೆ. ಹತ್ತಿರ ಬರುವ ತನಕ ಶತ್ರುವಿಗೆ ಕಾಣಿಸುವುದಿಲ್ಲ, ಕೊಕ್ಕೆಯ ಹಗ್ಗ ಎಸೆದು ಗೋಡೆ ಹತ್ತುತ್ತಾರೆ. ಹದಿನೈದಿಪ್ಪತ್ತು ಮಂದಿಯನ್ನು ಕೂಡಿಸಿ ಹಿಂಬದಿಯ ಗೋಡೆಯ ಹತ್ತಿರ ಕಾಯಿಸಿ. ಎದುರಿನಲ್ಲಿ ಯಂತ್ರಗಳು ಕಲ್ಲೆಸೆಯಲು ಶುರು ಮಾಡಿ, ಬಿಲ್ಲುಗಾರರೆಲ್ಲ ಅತ್ತ ತಿರುಗಿದಾಗ ಇವರನ್ನು ಹತ್ತಿಸಿ. ಅರ್ಧ ಮಂದಿ ದೊರೆಯ ಮಾಳಿಗೆಗೆ ಹೋಗಲಿ, ಉಳಿದವರು ಹೆಬ್ಬಾಗಿಲನ್ನು ಒಳಗಿಂದ ಹಿಡಿದು ನಿಮ್ಮ ದಂಡಿಗೆ ತೆರೆದುಕೊಡಲಿ. ಇಲಿ, ಸುಲ್ತಾನರ ಎದುರು ಎಷ್ಟೋ ಸಲ ಹಂತಕರೇ ಆಟ ಮುಗಿಸಿಬಿಡುತ್ತಾರೆ. ತೋಳನ ಎದುರು ಹಾಗಾಗುವುದಿಲ್ಲ, ಅವನ ಗೋಡೆಯ ಮೇಲೆ ಕಾವಲು ದಟ್ಟ. ಅಲ್ಲಿ ಟ್ರೆಬುಶೆಯಿಂದ ಒಂದು ಬದಿಯ ಬುರುಜುಗಳನ್ನು ಪೂರ್ತಿ ತೆರವು ಮಾಡಿದ ಮೇಲೆಯೇ ಹಂತಕರನ್ನು ಬಿಡಬೇಕು.

ಕೈಗೆ ಕೆಲವು ಅಭ್ಯಾಸಗಳು

ಸೈನಿಕರನ್ನು ಗುಂಪು ಮಾಡಿ, ಕಂಟ್ರೋಲ್ ಕೀಲಿ ಒತ್ತಿಹಿಡಿದು ಒಂದು ಅಂಕಿ ಒತ್ತಿ. ಆಮೇಲೆ ಆ ಅಂಕಿ ಒತ್ತಿದರೆ ಸಾಕು, ಗುಂಪು ಕೈಗೆ ಬರುತ್ತದೆ. ಬಿಲ್ಲುಗಾರರಿಗೆ 1, ಕುದುರೆಗಳಿಗೆ 2, ಹಂತಕರಿಗೆ 3 ಹೀಗೆ ಪ್ರತಿ ಆಟದಲ್ಲೂ ಒಂದೇ ಕ್ರಮ ಇಟ್ಟುಕೊಂಡರೆ ಗಡಿಬಿಡಿಯಲ್ಲೂ ಬೆರಳು ತಪ್ಪುವುದಿಲ್ಲ. ಪ್ಲಸ್, ಮೈನಸ್ ಕೀಲಿಗಳಿಂದ ಆಟದ ವೇಗ ಹೆಚ್ಚು ಕಡಿಮೆಯಾಗುತ್ತದೆ. ದಾಳಿ ಬಂದಾಗ ವೇಗ ಇಳಿಸಿ. ಕಂಪ್ಯೂಟರ್‌ನ ದೊಡ್ಡ ಅನುಕೂಲ ಅದರ ವೇಗ, ಅದನ್ನು ಕಸಿದುಕೊಳ್ಳುವ ಹಕ್ಕನ್ನು ಆಟವೇ ನಿಮಗೆ ಕೊಟ್ಟಿದೆ. ಕಲಿಯುವ ಮಕ್ಕಳು ಇದನ್ನು ಸಂಕೋಚವಿಲ್ಲದೆ ಬಳಸಲಿ.

ನಮ್ಮ ಕಡೆ ಮಳೆಗಾಲದಲ್ಲಿ ಗಾಳಿ ಬೀಸಿ ಒಂದು ಮರ ತಂತಿಯ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು. ಪ್ರತಿ ದಾಳಿ ಮುಗಿದಾಗಲೂ ಆಟವನ್ನು ಬೇರೆ ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಹೀಗೆ ಇಟ್ಟರೆ ಇನ್ನೊಂದು ಲಾಭವೂ ಇದೆ. ಸೋತಾಗ ಒಂದೊಂದೇ ಕಡತ ತೆರೆದು ಹಿಂದಕ್ಕೆ ಹೋದರೆ ಆಟ ಎಲ್ಲಿಂದ ಕೆಟ್ಟಿತೆಂದು ಗೊತ್ತಾಗುತ್ತದೆ. ಗುಡುಗು, ಸಿಡಿಲು ಇದ್ದಾಗ ಮಾತ್ರ ಚಾರ್ಜರ್ ಕಿತ್ತು, ಬ್ಯಾಟರಿಯಲ್ಲೇ ಆಡಿ.

ಎದುರಿಗೆ ಇಬ್ಬರು ಸರದಾರರಿದ್ದರೆ

ಸರಣಿಯ ಮುಂದಿನ ಕದನಗಳಲ್ಲಿ ಇಬ್ಬರು, ಮೂವರು ಒಟ್ಟಿಗೆ ಬರುತ್ತಾರೆ. ದುರ್ಬಲನನ್ನು ಮೊದಲು ಮುಗಿಸಿಬಿಡೋಣ ಅನ್ನುವುದು ಸಹಜ, ಹೆಚ್ಚಾಗಿ ಅದೇ ಸರಿ, ಏಕೆಂದರೆ ಅವನ ಓಯಸಿಸ್ ನಿಮ್ಮದಾಗುತ್ತದೆ. ಆದರೆ ಒಬ್ಬ ಇಲಿ, ಇನ್ನೊಬ್ಬ ಖಲೀಫ ಆಗಿದ್ದರೆ ಕ್ರಮ ಬದಲಿಸಿ. ಇಲಿಯ ಈಟಿಗಾರರನ್ನು ಎರಡು ಬುರುಜು ತಡೆಯುತ್ತವೆ. ಖಲೀಫನಿಗೆ ಡಾಂಬರು ತೆಗೆಯಲು ಸಮಯ ಸಿಕ್ಕಿದರೆ ಅವನ ಕೋಟೆಯ ಸುತ್ತ ಬೆಂಕಿಯ ಕಾಲುವೆಗಳು ಏಳುತ್ತವೆ, ಆಮೇಲೆ ಹತ್ತಿರ ಸುಳಿಯುವುದೇ ಕಷ್ಟ. ಶುರುವಿನಲ್ಲೇ ಕುದುರೆ ಬಿಲ್ಲುಗಾರರನ್ನು ಅವನ ಡಾಂಬರು ಹೊಂಡಗಳಿಗೆ ಕಳಿಸಿ, ಕೆಲಸಗಾರರು ಬಂದಂತೆಲ್ಲ ಹೊಡೆಯುತ್ತಿರಿ. ಕಾಲುವೆ ಆಗಲೇ ತೋಡಿ ಆಗಿದ್ದರೆ ಒಬ್ಬಿಬ್ಬರು ಗುಲಾಮ ಆಳುಗಳನ್ನು ಮುಂದೆ ಓಡಿಸಿ. ಅವರ ಮೇಲೆ ಬೆಂಕಿಯ ಬಾಣ ಬಿದ್ದು ಕಾಲುವೆ ಒಮ್ಮೆ ಉರಿದು ಆರಿತೆಂದರೆ, ಅವನು ಮತ್ತೆ ಡಾಂಬರು ತುಂಬಿಸುವ ಮೊದಲು ಆ ಸುಟ್ಟ ನೆಲದ ಮೇಲೇ ನಿಮ್ಮ ದಂಡು ದಾಟಬೇಕು.